ಜಂತೆಗಳ ಲೆಕ್ಕ

ಸೂರು ಬೀಳುವ ಚಿಂತೆ ಹಿಮದೂರಿನವರಿಗೆ.
ಇನಿಸ್‌ಫೇಲಿನಲ್ಲಿ ಅದು ಹಾರಿಹೋಗುತ್ತದೆ.
ಕೌಂಟರಿನ ಈಚೆ ನಿಂತು ದಿನಕ್ಕೆ ನಾಲ್ಕು ಸಲ
ಇದನ್ನು ಹೇಳುತ್ತೇನೆ. ಇವತ್ತು ಹೇಳಬೇಕಾಗಲಿಲ್ಲ.

ಮರಿಯೆಟ್ಟಾ ಪಾವನ್ ಗಾಡಿಯ ಹಿಂದಿನಿಂದ ಎಳೆದು ತಂದಳು
ಒಂದು ಮಾರುದ್ದದ ಪರ್ಲಿನ್ನು,
ಹಿಂಡಿದ ಒದ್ದೆ ಬಟ್ಟೆಯ ಹಾಗೆ ನುಲಿದದ್ದು.
"ಪಕ್ಕದವರ ಕಬ್ಬಿನಲ್ಲಿ ಸಿಕ್ಕಿತು.
ತಗಡು ಇನ್ನೂ ಸಿಕ್ಕಿಲ್ಲ."

ತಿರುಗಿಸಿ ನೋಡಿದೆ. ಉಕ್ಕಿನ ತಪ್ಪೇನಿಲ್ಲ.
ತುದಿಯಲ್ಲಿ ಎರಡು ತೂತು:
ಒಂದರ ಸುತ್ತ ಗೀರು, ಸೀಳು.
ಇನ್ನೊಂದು ಹೊಸದರಂತೆ ನುಣುಪು,
ಬೋಲ್ಟಿನ ಮುಖವನ್ನೇ ಕಂಡಿಲ್ಲ.
ತಮ್ಮ ಕಟ್ಟಿದ್ದಂತೆ, ಎಂಬತ್ತೊಂಬತ್ತರಲ್ಲಿ,
ಹರಾಜಿನ ಮಾಲು, ಭಾನುವಾರಗಳ ಕೆಲಸ.
ಬೈಯಲು ಬಾಯಿ ತೆರೆದವನು
ಅವಳ ಮುಖ ನೋಡಿ ಕ್ಯಾಟಲಾಗು ತೆರೆದೆ.

ಸಿ, ಝಡ್. ನಮ್ಮ ಅಂಗಡಿಯ ವರ್ಣಮಾಲೆ ಇಷ್ಟೇ.
ಸಿ ಒಂಟಿ; ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಮುಗಿಯಿತು.
ಝಡ್‌ಗಳು ಒಂದರೊಳಗೊಂದು ಮಲಗುತ್ತವೆ,
ಕೂಡುವಲ್ಲಿ ದುಪ್ಪಟ್ಟಾಗಿ,
ಹೊಳೆ ದಾಟುವವರು ಮುಂಗೈ ಹಿಡಿದುಕೊಂಡಂತೆ.
ಬೆರಳು ಹಿಡಿದವರು ಜಾರುತ್ತಾರೆ.
"ಝಡ್," ಅಂದಳು.

ದಪ್ಪ? ಒಂದೂವರೆ ಮಿಲಿಮೀಟರೋ, ಒಂದು ಪಾಯಿಂಟ್ ಒಂಬತ್ತೋ.
ನಡುವೆ ಇರುವುದು ಒಂದು ಉಗುರಿನ ದಪ್ಪ,
ಮತ್ತು ಎರಡು ಸಾವಿರ ಡಾಲರು.
ತನ್ನ ಉಗುರನ್ನೇ ನೋಡಿಕೊಂಡಳು ಬಹಳ ಹೊತ್ತು,
ಗ್ರೀಸಿನ ಕಪ್ಪು ಕೂತದ್ದು.
"ಒಂಬತ್ತು."

ಅಂತರ, ನಡುಭಾಗಕ್ಕೆ ಸಾವಿರದಿನ್ನೂರು.
ಅಂಚಿಗೆ, ಮೂಲೆಗೆ, ನೆತ್ತಿಗೆ ಒಂಬೈನೂರು:
ಹೊದಿಕೆ ಎಳೆಯುವವರು ಅಂಚನ್ನೇ ತಾನೇ ಹಿಡಿಯುವುದು.
ಎಂಜಿನಿಯರು ಇಷ್ಟಕ್ಕೇ ಸಹಿ ಹಾಕಿದ್ದಾನೆ. ಸಾಕು.

"ಬಾಳೆ ಎಲೆ ಅಲ್ಲಾಡಿದರೂ ಎದ್ದು ಕೂರುತ್ತೇನೆ," ಅಂದಳು,
ಬೆಲೆಯ ಪಟ್ಟಿಗೆ ಹೇಳುವಂತೆ.
ಏನು ಹೇಳಲಿ. ನಮ್ಮ ಭಾಷೆಯಲ್ಲಿ, ಅಂದೆ,
ನಿದ್ದೆ ಬಾರದವರು ಜಂತೆ ಎಣಿಸುತ್ತಾರೆ.
ಜಂತೆ ಅಂದರೆ?
ಇದೇ, ಅಂದೆ, ನುಲಿದದ್ದನ್ನು ತೋರಿಸಿ.

ನಕ್ಕಳೋ, ಉಸಿರು ಬಿಟ್ಟಳೋ.
"ಹಾಗಾದರೆ ಎಲ್ಲ ಕಡೆಗೂ ಒಂಬೈನೂರೇ ಬರಿ.
ಎಣಿಸಲಿಕ್ಕೆ ನಾಲ್ಕು ಹೆಚ್ಚಿರಲಿ."

ಹದಿನೆಂಟಿದ್ದದ್ದು ಇಪ್ಪತ್ತೆರಡಾಯಿತು.
ಆರ್ಡರಿನ ಕೊನೆಗೆ ಬೋಲ್ಟು, ತೂತಿಗೊಂದರಂತೆ,
ಮೇಲೆ ಹತ್ತು, ಬಿಲ್ಲಿನಲ್ಲಿ ಬರೆಯದೆ.

ಹಳೆಯ ತುಂಡು ಗುಜರಿಗೆ ಹಾಕಲೇ ಎಂದರೆ
ಬೇಡವೆಂದು ತಲೆಯಾಡಿಸಿ, ಮತ್ತೆ ಗಾಡಿಗೆ ಏರಿಸಿ,
ಹಗ್ಗ ಬಿಗಿದಳು, ಎರಡು ಕಡೆ.
ಎಳೆದು ನೋಡಿದಳು.