ಮಾತ್ರೆ ಲೆಕ್ಕ

ಹಾರ್ಟಲ್‌ಪೂಲಿನ ಈ ಬೀದಿಯ ಮನೆಗಳೆಲ್ಲ
ಕಡಲಿಗೆ ಬೆನ್ನು ಹಾಕಿ ಕೂತಿವೆ.
ಗಾಳಿ ಹಿತ್ತಲಿಂದ ಸುತ್ತಿ ಬಂದು
ಮುಂಬಾಗಿಲ ಅಂಚೆಕಂಡಿಯಲ್ಲಿ ಸಿಳ್ಳೆ ಹೊಡೆಯುತ್ತದೆ.
ಹದಿನೇಳನೆಯ ನಂಬರಿನೆದುರು ಕಾರು ನಿಲ್ಲಿಸಿ
ಚೀಲ ಹೆಗಲಿಗೇರಿಸುತ್ತೇನೆ.
ಹೊಲಿಗೆ ನೋಡಬೇಕು, ಪಟ್ಟಿ ಬದಲಿಸಬೇಕು,
ಮಾತ್ರೆ ಎಣಿಸಬೇಕು.
ಕೊನೆಯದು ನನ್ನ ಫಾರಮ್ಮಿನಲ್ಲಿಲ್ಲ.

ವಿಲ್ಫ್ರೆಡ್ ಟಿಂಡ್ಲ್, ಎಪ್ಪತ್ತೊಂದು.
ಬಂದರಿನಲ್ಲಿ ಮೂವತ್ತು ವರ್ಷ ಕ್ರೇನಿನ ಮೇಲೆ ಕೂತವನು.
ಈಗ ಸೊಂಟದಲ್ಲಿ ಹೊಸ ಕೀಲು, ಇಂದಿಗೆ ಐದು ದಿನ.
ಕುರ್ಚಿಯಿಂದ ಕಿಟಕಿಗೆ ಏಳು ಹೆಜ್ಜೆ,
ಏಳಕ್ಕೂ ಒಂದೊಂದು ಬೈಗುಳ.

"ನೋವಿಗೆ ಅಂಕ ಕೊಡಿ, ಹತ್ತಕ್ಕೆ ಎಷ್ಟು?"
"ನಾನೇನು ಮೇಷ್ಟ್ರೇ?"
ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೆ ಹೇಳಿದಂತೆ:
"ಹಗಲು ನಾಲ್ಕು.
ರಾತ್ರಿಯದ್ದು ನಿನ್ನ ಹತ್ತರೊಳಗೆ ಹಿಡಿಸೋದಿಲ್ಲ."

ನಮ್ಮೂರಲ್ಲಿ ನೋವಿಗೆ ಅಂಕವಿರಲಿಲ್ಲ,
ಚುಚ್ಚುತ್ತಿತ್ತು, ಸೆಳೆಯುತ್ತಿತ್ತು, ಜುಮುಗುಡುತ್ತಿತ್ತು,
ಕಿತ್ತು ಕೈಗೆ ಕೊಡುತ್ತಿತ್ತು.
ಅಷ್ಟನ್ನೂ ಒಂದು ಅಂಕಿಯಲ್ಲಿ ಬರೆಯುವುದೆಂದರೆ
ಚಟಾಕಿನಲ್ಲಿ ಕಡಲು ಅಳೆದ ಹಾಗೆ.
ಆದರೂ ಅಳೆಯುತ್ತೇನೆ.
ಅಳೆಯದೆ ಕೊಟ್ಟದ್ದು ನೆನಪಿದೆ.

ಆಗ ವಾರ್ಡಿನಲ್ಲಿದ್ದೆ. ಐಲ್ಸಾ ಎಂಬವಳು,
ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಎತ್ತಿ ಎತ್ತಿ
ಹೆಗಲು ಕಳಚಿಕೊಂಡವಳು.
ಮನೆಗೆ ಹೊರಟಾಗ ಐವತ್ತಾರು ಮಾತ್ರೆ
ಕಾಗದದ ಚೀಲದಲ್ಲಿ ಹಾಕಿಕೊಟ್ಟೆ,
ಮದುವೆಮನೆಯ ತಾಂಬೂಲದಷ್ಟು ಸಲೀಸಾಗಿ.
"ನೋವು ಬರೋಕೆ ಮೊದಲೇ ನುಂಗಿಬಿಡಿ" ಅಂದೆ.
ಹಾಗೆ ಹೇಳಿದ್ದು ನಾನೇ, ಬೇರೆ ಯಾರೂ ಅಲ್ಲ.
ಮರುವರ್ಷ ಔಷಧಿ ಅಂಗಡಿಯ ಸಾಲಿನಲ್ಲಿ ಸಿಕ್ಕಳು,
ಹೆಗಲು ತಿರುಗಿಸಿ ತೋರಿಸಿದಳು, ಗಿರಗಿಟ್ಟಲೆಯ ಹಾಗೆ.
"ಪೂರ್ತಿ ವಾಸಿ. ಮಾತ್ರೆ ತಪ್ಪಿದರೆ ಮಾತ್ರ
ಮೈಯೆಲ್ಲ ಹೆಗಲಾಗುತ್ತದೆ."

ಹಾಗಾಗಿ ಎಣಿಸುತ್ತೇನೆ.
ಕಲಾದಗಿ ಅಕ್ಕೋರು ಕಲಿಸಿದ್ದು ಇದನ್ನೇ:
ಲಘುವಿಗೊಂದು, ಗುರುವಿಗೆರಡು,
ಸಾಲಿನ ನೆತ್ತಿಯ ಮೇಲೆ ಸೀಮೆಸುಣ್ಣದ ಕೊಕ್ಕೆ, ಗೆರೆ.
"ಒಂದು ಮಾತ್ರೆ ಹೆಚ್ಚಾದರೂ ಪದ್ಯ ಕುಂಟತದ" ಅನ್ನುತ್ತಿದ್ದರು.
ಇನ್ನೂ ಏನೋ ಅನ್ನುತ್ತಿದ್ದರು,
ಕಿಟಕಿಯಾಚೆ ನೋಡುತ್ತ ಕೇಳಿಸಿಕೊಳ್ಳಲಿಲ್ಲ.

ವಿಲ್ಫ್ರೆಡ್ಡನ ಡಬ್ಬಿ ಬಿಸ್ಕತ್ತಿನ ಹಿಂದಿತ್ತು.
ಕೊಟ್ಟದ್ದು ಹನ್ನೆರಡು.
ಅಂಗೈಗೆ ಸುರಿದು ಎಣಿಸಿದೆ,
ಮತ್ತೆ ಎಣಿಸಿದೆ.
ಹನ್ನೆರಡು.

"ಒಂದೂ ಇಲ್ಲವೇ?"
ರಿಮೋಟಿನ ಗುಂಡಿ ಒತ್ತುತ್ತ ಕೂತ, ಟಿವಿ ಆರಿಯೇ ಇತ್ತು.
"ನಮ್ಮ ಗ್ಯಾರೆತ್ ಶುರುಮಾಡಿದ್ದೂ ಹೀಗೇ.
ಮೊಣಕಾಲು. ಬರೀ ಮೊಣಕಾಲು."
ಅಲಮಾರಿನ ಮೇಲೆ ಫುಟ್ಬಾಲ್ ಅಂಗಿಯ ಹುಡುಗ,
ಚೌಕಟ್ಟಿಗೆ ಧೂಳಿಲ್ಲ.
ನಾನು ಯಾವಾಗ ಎಂದು ಕೇಳಲಿಲ್ಲ.

ಕೆಟಲ್ ಕುದಿಯಿತು, ಆರಿತು.
ರಾತ್ರಿಯೆಲ್ಲ ಕುರ್ಚಿಯಲ್ಲೇ ಕೂತಿದ್ದಾನೆ,
ಕಣ್ಣ ಕೆಳಗೆ ಚರ್ಮ ಜೋತಿದೆ,
ನೋವಿಗೆ ಹೆದರಿ ನಡೆದಿಲ್ಲ, ನಡೆಯದೆ ಮೀನಖಂಡ ಬಿಗಿದಿದೆ.
ಆಗ ನೆನಪಾಯಿತು ಅಕ್ಕೋರ ಅರ್ಧ ಸಾಲು:
"ಕಡಿಮಿ ಆದರೂ ಕುಂಟತದ, ತಂಗಿ."

ಮಂಡಿಯೂರಿ ಕೂತು, ಡಬ್ಬಿಯ ಮುಚ್ಚಳದ ಮೇಲೆ ಬರೆದೆ:
ಮಲಗುವಾಗ ಒಂದು, ಜೊತೆಗೆ ಪ್ಯಾರಾಸಿಟಮಾಲ್.
ಮೂರು ರಾತ್ರಿ. ಭಾನುವಾರಕ್ಕೆ ಮುಗಿಯಿತು.
ಉಳಿದ ಒಂಬತ್ತು ಸೋಮವಾರ ಅಂಗಡಿಗೆ ವಾಪಸು,
ಬಿಸ್ಕತ್ತಿನ ಹಿಂದೆ ಅಲ್ಲ, ಪಕ್ಕದ ಮನೆಯ ಬೆನ್ನುನೋವಿಗೂ ಅಲ್ಲ.
"ಭಾನುವಾರ ಫೋನು ಮಾಡುತ್ತೇನೆ. ಇನ್ನೊಂದು ಬೇಕು ಅನಿಸಿದರೆ
ನನಗೆ ಹೇಳಿ, ಡಬ್ಬಿಗೆ ಹೇಳಬೇಡಿ."

ಅವನು ಮುಚ್ಚಳವನ್ನೇ ನೋಡಿದ,
ಸರಕಿನ ತೂಕ ಓದುವವನ ಹಾಗೆ.
"ಎಣಿಸುವಾಗ ಅದೇನು ಗೊಣಗಿದೆ?"
"ಕನ್ನಡ. ಒಂದು, ಎರಡು, ಮೂರು."
"ಒಂಡು," ಎಂದ. ಬಾಯಿಗೆ ಹೊಂದಲಿಲ್ಲ.
ಇನ್ನೊಮ್ಮೆ ಬೆರಳೆತ್ತಿ, "ಒಂಡು. ಅಷ್ಟೇ."

ಹೊರಗೆ ಗಾಳಿ ಕಾರಿನ ಬಾಗಿಲು ಕಿತ್ತುಕೊಂಡಿತು.
ಎರಡೂ ಕೈಯಲ್ಲಿ ಎಳೆದು ಮುಚ್ಚಿದೆ.
ಮುಂದಿನ ವಿಳಾಸ: ಇಪ್ಪತ್ತೆರಡು, ಬೆನ್ನುಹುರಿ, ಮೂರನೆಯ ದಿನ.