ವರೆಗೆ

ಅರಸೀಕೆರೆ, ಸ್ಟೇಷನ್ ರಸ್ತೆ,
ಮುದ್ದುಮಲ್ಲಪ್ಪನವರ ದಿನಸಿ ಮಂಡಿ.
ನಾನು ಬರುವ ಮುಂಚೆ ಬೆಲೆಗಳೆಲ್ಲ
ಬೀದಿಗೆ ಮುಖ ಮಾಡಿದ ಕರಿಹಲಗೆಯ ಮೇಲಿದ್ದವು.
ಬೆಳಿಗ್ಗೆ ಜಯಣ್ಣ ಒದ್ದೆ ಬಟ್ಟೆಯಲ್ಲಿ ಒರೆಸಿ
ತೊಗರಿಬೇಳೆಯ ಎದುರಿಗೆ
ಇವತ್ತಿನ ಅಂಕಿ ಕೂರಿಸುತ್ತಿದ್ದರು.
ನಿನ್ನೆಯದು ಬಟ್ಟೆಗೆ ಅಂಟಿ
ಬಕೆಟ್ಟಿಗೆ, ಬಕೆಟ್ಟಿನಿಂದ ಚರಂಡಿಗೆ.

ಮೊದಮೊದಲು ನಾನೂ ಹಾಗೇ ಮಾಡಿದೆ, ಕಂಪ್ಯೂಟರಿನಲ್ಲಿ.
ನೂರ ಹತ್ತನ್ನು ಅಳಿಸಿ ನೂರ ಹದಿನೆಂಟು.
ಒಂದು ಮನೆ, ಒಂದು ಅಂಕಿ.
ಒಂದು ಶನಿವಾರ ಯಜಮಾನರು ಕೇಳಿದರು:
"ಯುಗಾದಿಗೆ ಬೆಲ್ಲ ಎಷ್ಟಿತ್ತಮ್ಮ?"
ಪರದೆ ಇವತ್ತಿನದನ್ನೇ ಹೇಳಿತು,
ಬೆಲ್ಲ ಹುಟ್ಟಿದಾಗಿನಿಂದ ಅಷ್ಟೇ ಇತ್ತೆಂಬ ಹಾಗೆ.

ಆ ರಾತ್ರಿ ಹೊಸ ಕೋಷ್ಟಕ ಕಟ್ಟಿದೆ.
ವಸ್ತು, ಬೆಲೆ, 'ಇಂದಿನಿಂದ', 'ವರೆಗೆ'.
ಅಳಿಸುವಂತಿಲ್ಲ. ದರ ಬದಲಾದರೆ
ಹಳೆಯ ಸಾಲಿಗೆ ನಿನ್ನೆಯ ತಾರೀಕು ಹಾಕಿ ಬಾಗಿಲು ಮುಚ್ಚುವುದು,
ಕೆಳಗೆ ಇನ್ನೊಂದು ತೆರೆಯುವುದು.
ನಡೆಯುತ್ತಿರುವ ಬೆಲೆಗೆ 'ವರೆಗೆ' ಖಾಲಿ.
ಸೊನ್ನೆಯಲ್ಲ. ಸೊನ್ನೆ ಎಂದರೆ ಏನೂ ಇಲ್ಲ,
ಖಾಲಿ ಎಂದರೆ ಇನ್ನೂ ಗೊತ್ತಿಲ್ಲ.
ಜಯಣ್ಣನಿಗೆ ಇದನ್ನು ಹೇಳಿದರೆ
"ಮದುವೆ ಕಾರ್ಡಲ್ಲಿ ಒಂದೇ ತಾರೀಕು ಇರುತ್ತಲ್ಲ, ಹಂಗೆ" ಅಂದರು,
ಹಲಗೆ ಒರೆಸಲು ಹೋದರು.

ಬೇಳೆಗೆ ಆರು ತಿಂಗಳಲ್ಲಿ ಮೂವತ್ತೊಂದು ಸಾಲು.
ಉಪ್ಪಿಗೆ ಎರಡು.
ಒಣಮೆಣಸಿನಕಾಯಿ ಬುಧವಾರ ಆಡಿದ ಮಾತನ್ನು
ಶುಕ್ರವಾರ ಉಳಿಸಿಕೊಂಡದ್ದಿಲ್ಲ.
ಬೆಂಕಿಪೊಟ್ಟಣಕ್ಕೆ ಒಂದೇ. ಅದರ ಬಾಗಿಲು ತೆರೆದೇ ಇದೆ.

ಬಾಣಾವರದ ಮೆಹರುನ್ನೀಸಾ ಬಂದರು,
ಮೆಸ್ಸಿನ ಉದ್ರಿ ತೀರಿಸಲು, ಜೂನ್‌ನಿಂದ ಬಾಕಿ.
ಅವರ ಪುಸ್ತಕದಲ್ಲಿ ತಾರೀಕು ಇತ್ತು, ತೂಕ ಇತ್ತು,
ದರ ಮಾತ್ರ ಇರಲಿಲ್ಲ.
ಅದನ್ನು ಬಾಯಿಗೆ ಬಿಟ್ಟಿದ್ದರು.
ಯಜಮಾನರ ಲೆಕ್ಕ ಸರಳ:
ಬೇಳೆ ಏರಿದೆ, ಬೇಳೆಗೆ ಇವತ್ತಿನ ದರ.
ಎಣ್ಣೆ ಇಳಿದಿದೆ, ಎಣ್ಣೆಗೆ ಅವತ್ತಿನ ದರ.
ಒಂದೇ ಚೀಟಿಗೆ ಎರಡು ಪಂಚಾಂಗ.
ಆಕೆ ಯಾರ ಮುಖವನ್ನೂ ನೋಡಲಿಲ್ಲ, ಪರದೆಯನ್ನು ನೋಡಿದರು.
"ಅದಕ್ಕೆ ಗೊತ್ತಿರುತ್ತಲ್ಲ. ಅದನ್ನೇ ಕೇಳಮ್ಮ."

ಕೇಳಿದೆ. ಕೇಳುವ ಕ್ರಮ ಇಷ್ಟೇ:
ಆ ದಿನವನ್ನು ದಾಟದ ದಿನಗಳಲ್ಲಿ
ಕೊನೆಯದು ಯಾವುದೋ ಅದರ ಬೆಲೆ.
ಎಪ್ಪತ್ತೆರಡು ಸಲ ಕೇಳಿದೆ,
ಎಪ್ಪತ್ತೆರಡು ಸಲ ಹೇಳಿತು, ಯಾರ ಕಡೆಗೂ ವಾಲದೆ.
ಚೀಟಿ ಉದ್ದವಾಗಿ ಕೌಂಟರಿನಿಂದ ಜಾರಿ
ಸಕ್ಕರೆ ಮೂಟೆಯ ಮೇಲೆ ಕೂತಿತು.
ಯಜಮಾನರು ಕನ್ನಡಕ ತೆಗೆದು ಒರೆಸಿದರು.
ಮತ್ತೆ ಹಾಕಿಕೊಂಡು ದುಡ್ಡು ಎಣಿಸಿದರು.

ಆಕೆ ಹೋದ ಮೇಲೆ ಪ್ರತಿಯನ್ನು ನೋಡುತ್ತಾ ಕೂತೆ.
ಆಗಸ್ಟ್ ಹದಿನಾಲ್ಕು. ಎಣ್ಣೆ, ಎರಡು ಡಬ್ಬ.
ಆ ವಾರ ನನಗೆ ಜ್ವರ.
ಎಣ್ಣೆ ಇಳಿದದ್ದು ಹದಿಮೂರಕ್ಕೆ,
ನಾನು ಬಂದು ಸಾಲು ತೆರೆದದ್ದು ಹದಿನೇಳಕ್ಕೆ,
'ಇಂದಿನಿಂದ' ಎಂಬಲ್ಲಿ ಹದಿನೇಳನ್ನೇ ಬರೆದಿದ್ದೆ.
ಬೆಲೆ ಬದಲಾದ ದಿನ ಒಂದು,
ನನಗೆ ತಿಳಿದ ದಿನ ಇನ್ನೊಂದು.
ಎರಡಕ್ಕೂ ಒಂದೇ ಕೋಣೆ ಕೊಟ್ಟಿದ್ದೆ.
"ಹದಿಮೂರಕ್ಕೇ ಹಲಗೆ ಮೇಲೆ ಬರೆದಿದ್ದೆನಲ್ಲ" ಅಂದರು ಜಯಣ್ಣ.
ಬರೆದಿದ್ದರು. ಒರೆಸಿಯೂ ಇದ್ದರು.

ಡಬ್ಬಕ್ಕೆ ಅರವತ್ತರಂತೆ ನೂರಿಪ್ಪತ್ತು ರೂಪಾಯಿ.
ಬಾಣಾವರದ ಗಾಡಿಗೆ ಇನ್ನೂ ಇಪ್ಪತ್ತು ನಿಮಿಷ.
ಪರ್ಸಿನಿಂದ ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ.
ಹೊರಡುವ ಮುಂಚೆ ಕೋಷ್ಟಕಕ್ಕೆ ಇನ್ನೊಂದು ಕೋಣೆ ಸೇರಿಸಿದೆ,
'ತಿಳಿದದ್ದು' ಎಂದು ಹೆಸರಿಟ್ಟೆ.
ತಪ್ಪಿದ ಸಾಲನ್ನು ಅಳಿಸಲಿಲ್ಲ.
ಅದಕ್ಕೂ ಒಂದು ತಾರೀಕು ಹಾಕಿ ಬಾಗಿಲೆಳೆದೆ.

ಎರಡನೇ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ
ಚೀಟಿಯನ್ನು ಮಡಿಲಲ್ಲಿ ಹರವಿಕೊಂಡು
ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದರು.
ಇನ್ನೂ ಜುಲೈನಲ್ಲಿದ್ದರು.