ಎರಡೂವರೆ ಇಂಚು

ರುಸ್ತಾವಿಯ ಉಕ್ಕಿನ ಕಾರ್ಖಾನೆಯ ಬೆನ್ನಿಗೆ
ಸಾಲು ಗ್ಯಾರೇಜುಗಳಲ್ಲಿ ಹದಿನೇಳನೆಯದು ನಮ್ಮದು.
ಬೋರ್ಡಿಲ್ಲ. ದಾರಿ ಕೇಳಿದವರಿಗೆ ಜನ
‘ಕಿವಿ ಹಿಡಿದುಕೊಂಡು ಹೋಗಿ, ಸಿಗುತ್ತದೆ’ ಅನ್ನುತ್ತಾರೆ.

ಎತೆರಿ ಬಂದದ್ದು ಫೆಬ್ರವರಿಯ ಕೆಸರಿನಲ್ಲಿ.
ಆಂಬುಲೆನ್ಸ್ ಓಡಿಸುವ ಹೆಂಗಸು,
ರಾತ್ರಿ ಪಾಳಿ ಇನ್ನೂ ಇಳಿಯದ ಕಣ್ಣು,
ಎರಡೇ ಸೀಟಿನ ಕೆಂಪು ಮಾಜ್ದಾ, ಸ್ಟೀರಿಂಗ್ ಬಲಕ್ಕೆ.
‘ಸೈರನ್ ಕೇಳಿ ಕೇಳಿ ಸಾಕಾಗಿದೆ, ನುಗ್ಝಾರ್.
ಅದು ನನ್ನ ಸದ್ದಲ್ಲ, ಯಾರದೋ ಸಂಕಟದ್ದು.
ಈ ಗಾಡಿಗೆ ನನ್ನದೇ ಒಂದು ದನಿ ಹಾಕಿಕೊಡು.
ಮತ್ತೆ, ಟ್ರ್ಯಾಕಿನ ಆ ನೇರ ದಾರಿಯಲ್ಲಿ
ಗುರಾಮನ ಜರ್ಮನ್ ಕಾರು ಹಿಂದೆ ಬೀಳಬೇಕು.’

ಮೇಸ್ತ್ರಿ ಬೋನೆಟ್ ಎತ್ತಲಿಲ್ಲ.
ಹಿಂದೆ ಕುಕ್ಕರುಗಾಲಲ್ಲಿ ಕೂತು
ಕೊಳವೆಯ ಬಾಯಿಗೆ ಅಂಗೈ ಒಡ್ಡಿದ.
ಅವನ ಎಡಗಿವಿಯನ್ನು ಕಾರ್ಖಾನೆಯ ಸುತ್ತಿಗೆ
ಇಪ್ಪತ್ತು ವರ್ಷ ತಿಂದು ಮುಗಿಸಿದೆ.
ಹೊಗೆಯ ನಾಡಿ ಹಿಡಿದು ಹೇಳಿದ:
‘ಮೂರು ಮಾತಾಡುತ್ತಿವೆ. ನಾಲ್ಕನೆಯದು ಗೊಣಗುತ್ತಿದೆ.’

ಹಳೆಯದನ್ನು ಬಿಚ್ಚಲು ನನಗೆ ಎರಡು ದಿನ.
ತುಕ್ಕು ಕಚ್ಚಿದ ಬೋಲ್ಟು, ಎಣ್ಣೆ, ಬೆಂಕಿ, ಬೈಗುಳ,
ಮತ್ತೆ ಬೆಂಕಿ.
ಕೈಗೆ ಬಂದ ಸೈಲೆನ್ಸರನ್ನು ಅಲ್ಲಾಡಿಸಿದರೆ
ಒಣಗಿದ ಸೋರೆಬುರುಡೆಯೊಳಗಿನ ಬೀಜದ ಸದ್ದು.
ಹದಿನೆಂಟು ವರ್ಷ ನುಂಗಿದ ಕೂಗನ್ನೆಲ್ಲ
ಎಲ್ಲಿಟ್ಟಿತ್ತೋ ಆ ಡಬ್ಬಿ.
ಸೀಳಿ ನೋಡಿದೆ: ಒಂದು ಹಿಡಿ ಕರಿ ಪುಡಿ.

ಮೊದಲ ಕೊಳವೆ ಮೂರಿಂಚಿನದು, ಆತುರ ನನ್ನದು.
ದೊಡ್ಡ ಬಾಯಿ, ದೊಡ್ಡ ಉಸಿರು ಅಂತ ನನ್ನ ಲೆಕ್ಕ.
ಮೇಸ್ತ್ರಿ ಬೇಡ ಅನ್ನಲಿಲ್ಲ, ಗೋಡೆ ನೋಡುತ್ತ ಚಹಾ ಕುಡಿದ.
ಕೀಲಿ ತಿರುವಿದ್ದೇ ತಡ,
ಎದುರಿನ ಮೂರನೇ ಮಹಡಿಯಲ್ಲಿ ನಾತೆಲಾ ಅಜ್ಜಿ
ಹರವಿದ್ದ ಹೊದಿಕೆ ನಡುಗಿತು,
ಬೀದಿನಾಯಿಗಳು ಕಾಲ್ಕಿತ್ತವು,
ನಾನು ಕುಣಿದೆ.

ಟ್ರ್ಯಾಕಿನಲ್ಲಿ ತಿರುವು ಮುಗಿಸಿ ಕಾಲೊತ್ತಿದರೆ
ಗಾಡಿ ಬಾಯಿ ಮಾಡಿತೇ ಹೊರತು ಓಡಲಿಲ್ಲ.
ಮೂರು ಸಾವಿರ ಸುತ್ತಿನ ಕೆಳಗೆ ಜೀವವೇ ಇಲ್ಲ.
ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.
ಗುರಾಮ ಕಿಟಕಿಯಿಂದ ಕೈ ಬೀಸಿ ಮುಂದೆ ಹೋದ.

‘ಹೊಗೆಗೂ ಹಿಂದಿನಿಂದ ನೂಕುವವರು ಬೇಕು, ಬದ್ರಿ.
ಅಗಲ ಬೀದಿಯಲ್ಲಿ ಒಬ್ಬನೇ ನಡೆವವನು ಕಾಲೆಳೆಯುತ್ತಾನೆ.
ಸಂದಿಯಲ್ಲಿ ಮುಂದಿನವನ ಬೆನ್ನೇ ಹಿಂದಿನವನನ್ನು ಸೆಳೆಯುತ್ತದೆ.’
ನೆಲದ ಮೇಲೆ ಸೀಮೆಸುಣ್ಣದಲ್ಲಿ
ಊರಂಚಿನ ನದಿಯ ಹೆಸರು ಬರೆದ: ಮ್ತ್ಕ್ವರಿ.
‘ನಾಲ್ಕು ವ್ಯಂಜನ, ಒಂದರ ಬೆನ್ನಿಗೊಂದು
ಒತ್ತಿಕೊಂಡು ಬಂದ ಮೇಲೆ ತಾನೇ ಬಾಯಿ ತೆರೆಯುವುದು?
ಸಿಲಿಂಡರಿನದೂ ಅಷ್ಟೇ.’

ಮತ್ತೆ ಶುರು. ಎರಡೂವರೆ ಇಂಚು.
ನಾಲ್ಕು ಕವಲು, ನಾಲ್ಕಕ್ಕೂ ಒಂದೇ ಉದ್ದ,
ನೂಲು ಹಿಡಿದು ಅಳೆದದ್ದು, ಟೇಪನ್ನು ಅವನು ನಂಬುವುದಿಲ್ಲ.
ಆರ್ಗಾನಿನ ಸಣ್ಣ ಪಿಸುಮಾತಿನ ಕೆಳಗೆ
ಬೆಸುಗೆಯ ಗೆರೆ ಗೆರೆಗೂ ಪಾರಿವಾಳದ ಕೊರಳ ಬಣ್ಣ.
ನಾನು ದೀಪ ಹಿಡಿದು ನಿಂತಿದ್ದೆ,
ಕೈ ಜೋಮು ಹಿಡಿದದ್ದು ಆಮೇಲೆ ತಿಳಿಯಿತು.

ಏಪ್ರಿಲ್, ಬೆಳಗಿನ ಆರು. ಎತೆರಿ ಕೀಲಿ ತಿರುವಿದಳು.
ಕೂಗಲಿಲ್ಲ ಅದು.
ಗಂಟಲು ಸರಿಮಾಡಿಕೊಂಡು, ತಳದಲ್ಲೊಂದು ಮಂದ್ರ ಹಿಡಿದು
ಅಲ್ಲೇ ನಿಂತಿತು.
ಭಾನುವಾರ ಚರ್ಚಿನಲ್ಲಿ ಎಲ್ಲರ ಕೆಳಗಿನ ದನಿ ಹಾಡುವ ಮೇಸ್ತ್ರಿ
ಕೊಳವೆಯ ಮೇಲೆ ಅಂಗೈಯಿಟ್ಟು, ಸುಟ್ಟುಕೊಂಡು,
ತೆಗೆಯದೆ, ಅದೇ ಸ್ವರವನ್ನು ಮೂಗಿನಲ್ಲಿ ಗುನುಗಿದ.
ನಾಲ್ಕು ಸಾವಿರಕ್ಕೆ ಬಂದಾಗ ದನಿ ಅರಳಿತು.
ಎತೆರಿ ನಗಲಿಲ್ಲ. ಆಫ್ ಮಾಡಿ, ಸುಮ್ಮನೆ ಕೂತು,
ಇನ್ನೊಮ್ಮೆ ಆನ್ ಮಾಡಿದಳು.

ಒಂಬತ್ತು ಕುದುರೆ ಹೆಚ್ಚು ಎಂದಿತು ಅಳೆಯುವ ಯಂತ್ರ.
ಗುರಾಮ ಈಗಲೂ ಮುಂದೆಯೇ,
ಆದರೆ ಕೈ ಬೀಸಲು ಸ್ಟೀರಿಂಗ್ ಬಿಡುವುದಿಲ್ಲ.
ನಾತೆಲಾ ಅಜ್ಜಿ ಕಿಟಕಿಯಿಂದ ಬಗ್ಗಿ ಕೇಳಿದಳು:
‘ಬೆಳಿಗ್ಗೆ ಯಾರೋ ಬಂದಿದ್ದರಲ್ಲ, ಮರ್ಯಾದಸ್ಥರು?’

ಆ ಮೂರಿಂಚಿನ ಕೊಳವೆಯೇ?
ಗ್ಯಾರೇಜಿನ ಒಲೆಗೆ ಹೊಗೆಗೂಡು ಮಾಡಿದ್ದೇವೆ.
ಸದ್ದಿಲ್ಲ. ಚಹಾ ಬೇಗ ಕುದಿಯುತ್ತದೆ.